ಒಂಬತ್ತು ಕೊಡಗಳ ಸೀರೆ

ನಾನು ಶಾಲೆ ಬಿಟ್ಟದ್ದು ೧೯೩೧ರಲ್ಲಿ, ನಾಲ್ಕನೆಯ ತರಗತಿಯ ಅರ್ಧದಲ್ಲಿ. ಅಪ್ಪಯ್ಯನ ಕುಲುಮೆಗೆ ತಿದಿ ಒತ್ತುತ್ತಿದ್ದ ಚಿಕ್ಕಪ್ಪ ಬೊಂಬಾಯಿಗೆ ಹೋದ ವಾರವೇ ನನ್ನ ಸ್ಲೇಟು ಅಟ್ಟ ಸೇರಿತು. ಇದನ್ನು ಬೇಸರದಿಂದ ಹೇಳುತ್ತಿಲ್ಲ. ಓದಲು ಬರುತ್ತದೆ, ಬರೆಯಲೂ ಬರುತ್ತದೆ; ಇದನ್ನು ಬರೆಯುತ್ತಿರುವವನು ನಾನೇ. ಹಿತ್ತಾಳೆಯ ತಗಡಿನಲ್ಲಿ ಮನುಷ್ಯರ ಮುಖವನ್ನೂ ಮೈಮೇಲಿನ ಬಟ್ಟೆಯನ್ನೂ ಬಡಿದು ಎಬ್ಬಿಸುವವರು ಯಾರೆಂದು ಬ್ರಹ್ಮಾವರದಿಂದ ಬೈಂದೂರಿನ ತನಕ ವಿಚಾರಿಸಿ ನೋಡಿ, ಮೊದಲು ಬರುವ ಹೆಸರು ನನ್ನದು. ಎರಕ ಹೊಯ್ಯುವವರು ಬೇರೆ. ಅವರು ಕರಗಿಸಿ ಅಚ್ಚಿಗೆ ಸುರಿಯುತ್ತಾರೆ, ತಪ್ಪಿದರೆ ಮತ್ತೆ ಕರಗಿಸುತ್ತಾರೆ. ನಮ್ಮದು ಬಡಿಯುವ ಕೆಲಸ. ತಗಡು ಒಮ್ಮೆ ಹರಿದರೆ ಹರಿದದ್ದೇ.

ಯುದ್ಧ ನಡೆಯುತ್ತಿದ್ದ ಕಾಲದ ಒಂದು ಮಳೆಗಾಲದ ಕೆಲಸವನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಆಗ ಕುಂದಾಪುರದ ಪೇಟೆಯಲ್ಲಿ ತಾಮ್ರವೂ ಇಲ್ಲ, ಹಿತ್ತಾಳೆಯೂ ಇಲ್ಲ. ಪೆಟ್ರೋಲು ಸಿಗದೆ ಬಸ್ಸುಗಳೇ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದುದರಿಂದ ಕುಲುಮೆಗೆ ಇದ್ದಿಲೂ ಸರಿಯಾಗಿ ಸಿಗುತ್ತಿರಲಿಲ್ಲ. ಹಳೆಯ ದೀಪಗಳ ಕಾಲು ಸರಿಮಾಡಿ ದಿನ ಕಳೆಯುತ್ತಿದ್ದೆ. ಅಂಥ ಒಂದು ದಿನ ಉಪ್ಪುಂದದ ಕಡಲ ಕರೆಯಿಂದ ಅಲ್ಲಿನ ಮೀನುಗಾರರ ಗುರಿಕಾರರು ಬಂದರು. ಊರಿನ ನ್ಯಾಯ, ಪೂಜೆ, ದೋಣಿ ಇಳಿಸುವ ದಿನ ಎಲ್ಲವೂ ಅವರ ಬಾಯಿಂದಲೇ ಹೊರಡಬೇಕು, ಅಂಥವರು.

"ಹ್ವಾಯ್ ಆಚಾರ್ರೇ, ಇದ್ರ್ಯಾ?"

"ಇದ್ದೆ, ಬನ್ನಿ, ಕೂಕಣಿ."

ಅವರು ಕೂರಲಿಲ್ಲ. "ನಮ್ ಅಮ್ಮನ್ ಮೂರ್ತಿಗ್ ಒರ್ಲಿ ಹಿಡ್ದಿತ್ ಮಾರಾಯ್ರೆ. ಬುಡ ಮುಟ್ರೆ ಹುಡಿ ಹುಡಿ. ಹಳೇದನ್ ಕಡ್ಲಿಗ್ ಬಿಟ್ಟಾಯ್ತ್. ಹಲ್ಸಿನ್ ಮರದ್ ಹೊಸ ಮೈ ಕೆತ್ಸಿ ಇಟ್ಟಿತ್. ಇನ್ ಅದ್ರ್ ಮೇಲ್ ಹೊದ್ಸುದ್, ಮುಖ, ಸೀರಿ ಎಲ್ಲಾ ನಿಮ್ದ್. ನೂಲ್ ಹುಣ್ಮಿ ಒಳ್ಗ್ ಆಯ್ಕ್."

"ತಗ್ಡ್ ಎಲ್ಲಿತ್ ಗುರಿಕಾರ್ರೇ? ಅಂಗೈ ಅಗ್ಲ ಸಿಕ್ಕುದಿಲ್ಲ ಈಗ."

"ತಗ್ಡ್ ನಮ್ ಹೆಂಗ್ಸ್ರ್ ಕೊಡ್ತ್ರ್. ನೀವ್ ಕೈ ತಕಂಡ್ ಬನ್ನಿ, ಸಾಕ್."

ನೂಲ ಹುಣ್ಣಿಮೆಗೆ ಅವರು ಕಡಲಿಗೆ ಹಾಲೆರೆದು ತೆಂಗಿನಕಾಯಿ ಬಿಡುತ್ತಾರೆ. ಮಳೆಗಾಲವಿಡೀ ಮೇಲೆಳೆದಿಟ್ಟ ದೋಣಿಗಳು ಅದಾದ ಮೇಲೆಯೇ ನೀರು ಮುಟ್ಟುವುದು. ಅಮ್ಮನ ಗುಡಿ ಖಾಲಿ ಇರುವಾಗ ಆ ಕರೆಯಲ್ಲಿ ಒಂದು ದೋಣಿಯೂ ಇಳಿಯುವುದಿಲ್ಲ ಎಂದು ಗುರಿಕಾರರು ಹೋಗುವಾಗ ಹೇಳಿದರು. ಹೆದರಿಸಲಿಕ್ಕೆ ಹೇಳಿದ್ದಲ್ಲ. ಅಲ್ಲಿನ ರೀತಿ ಹಾಗೆ.

ನಾನೂ ಹೆಂಡತಿಯೂ ಹೊರಟೆವು. ಕುಂದಾಪುರದ ತನಕ ಬಸ್ಸು, ಹೊಳೆಗೆ ದೋಣಿ, ಆಮೇಲೆ ಕಾಲು. ತಗಡು ಬಡಿಯುವ ಅಡಿಗಲ್ಲೂ ತಿದಿಯೂ ನನ್ನ ಹೆಗಲ ಮೇಲೆ. ರಾಳ, ಇಟ್ಟಿಗೆ ಹುಡಿ, ಚಾಣಗಳ ಗಂಟು ಅವಳ ತಲೆಯ ಮೇಲೆ. ತಿದಿ ಒತ್ತುವುದರಲ್ಲಿ ಅವಳ ಕೈಯಷ್ಟು ಸಮ ನಾನು ಬೇರೆಲ್ಲೂ ನೋಡಿಲ್ಲ. ಬೆಂಕಿಯ ಬಣ್ಣ ಒಂದೇ ಹದದಲ್ಲಿ ನಿಲ್ಲುತ್ತದೆ.

ಮೇಲೆಳೆದಿಟ್ಟ ಎರಡು ದೋಣಿಗಳ ನಡುವೆ, ತೆಂಗಿನ ಮಡಲಿನ ಚಪ್ಪರದ ಅಡಿಯಲ್ಲಿ ಕುಲುಮೆ ಹೂಡಿದೆವು. ಇದ್ದಿಲಿನ ಬದಲಿಗೆ ತೆಂಗಿನ ಗೆರಟೆ. ಹಲಸಿನ ಮರದ ಮೈಯನ್ನು ತಂದು ನಿಲ್ಲಿಸಿದರು. ಆರು ವರ್ಷದ ಹೆಣ್ಣುಮಗುವಿನಷ್ಟು ಎತ್ತರ. ತಲೆ, ಹೆಗಲು, ಒಂದು ಮಡಚಿದ ಕೈ, ಒಂದು ಇಳಿಬಿಟ್ಟ ಕೈ, ಸೊಂಟದ ಕೆಳಗೆ ಕಂಬದ ಹಾಗೆ ದುಂಡಗಿನ ಮರ. ವಿವರ ಎಲ್ಲ ತಗಡಿನಲ್ಲಿ ಬರಲಿ ಎಂದು ಬಡಗಿ ಹಾಗೇ ಬಿಟ್ಟಿದ್ದ. ಹಳೆಯ ಮೂರ್ತಿ ಹೇಗಿತ್ತು ಎಂದು ಗುರಿಕಾರರನ್ನು ಕೇಳಿದೆ.

"ಅಮ್ಮ ಅಂದ್ರೆ ಅಮ್ಮ ಅಲ್ದಾ? ಎಣ್ಣಿ ಹಾಕಿ ಹಾಕಿ ಎಂತ ಇತ್ತ್, ಎಂತ ಇಲ್ಲ ಕಾಂತಿರ್ಲಿಲ್ಲ. ನೀವ್ ಚಂದ ಮಾಡಿ."

ಚಂದ ಮಾಡುವುದು ನನಗೆ ಹೇಳಿಕೊಡಬೇಕಾದ ವಿಷಯವಲ್ಲ. ಮುಂದೆ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಹೆಂಗಸರು ಬಂದರು. ಒಂಬತ್ತು ಮನೆಯಿಂದ ಒಂಬತ್ತು ಹಿತ್ತಾಳೆಯ ಕೊಡ, ಜೊತೆಗೆ ಅಡುಗೆಯ ಎರಡು ಪಾತ್ರೆ. ಹೆಚ್ಚಿನವು ಮದುವೆಗೆ ಬಂದ ಕೊಡಗಳು. ಒಬ್ಬಳು ತನ್ನ ಕೊಡದ ತಳದಲ್ಲಿ ಉಳಿದಿದ್ದ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿ, ಸೆರಗಿನಿಂದ ಕಂಠ ಒರೆಸಿ ಇಟ್ಟಳು. ಎಲ್ಲರ ಹಿಂದಿನಿಂದ ಉದ್ದನೆಯ, ಒಣಕಲು ಮೈಯ ಮುದುಕಿಯೊಬ್ಬಳು ಬಂದಳು. ಮೀನಿನ ಬುಟ್ಟಿ ಹೊತ್ತು ಒಳನಾಡಿನ ಊರೂರು ನಡೆದು ಮಾರುವ ಹೆಂಗಸರಲ್ಲಿ ಅವಳೇ ಹಿರಿಯಳು. ಕರೆಯಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು, ಗುರಿಕಾರರೂ ಸೇರಿ.

"ಆಚಾರ್ರೇ, ಒಂದ್ ಮಾತ್. ಇದ್ರ್ ಒಂದ್ ಚೂರೂ ಹೊಳಿ ದಾಂಟುಕಾಗ. ಇಲ್ಲೇ ಕೊಯ್ನಿ, ಇಲ್ಲೇ ಹೊಡಿನಿ. ಉಳ್ದದ್ದ್ ಉಗುರಷ್ಟಿದ್ರೂ ಇಲ್ಲೇ ಇಟ್ಟ್ ಹೋಯ್ಕ್."

"ನಾನ್ ಕದ್ಕಂಡ್ ಹೋಪವ್ನ್ ಅಲ್ಲ ದೊಡ್ಡಕ್ಕ."

"ನೀವ್ ಕದಿತ್ರಿ ಅಂದ್ ಯಾರ್ ಹೇಳ್ರ್? ಅಮ್ಮಂಗ್ ಕೊಟ್ಟದ್ದ್ ಅಮ್ಮನ್ ಹತ್ರವೇ ಇರ್ಕ್ ಅಂದೆ."

ಆ ಮಳೆಗಾಲ ಆ ಮನೆಗಳವರೆಲ್ಲ ಮಣ್ಣಿನ ಕೊಡದಲ್ಲಿ ನೀರು ಸೇದಿದರು. ಬಾವಿಕಟ್ಟೆಯ ಕಡೆಯಿಂದ ಕೊಡ ಒಡೆದ ಸದ್ದು ಕೇಳಿದಾಗಲೆಲ್ಲ ನನ್ನ ಸುತ್ತಿಗೆ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು.

ಕೊಡ ಕೊಯ್ಯುವ ಕೆಲಸ ಹೀಗೆ. ಬಡಿದು ಮಾಡಿದ ಕೊಡಕ್ಕೆ ಹೊಟ್ಟೆಯ ನಡುವೆ ಬೆಸುಗೆಯ ಗೆರೆ ಇರುತ್ತದೆ. ಅದರ ಮೇಲೂ ಕೆಳಗೂ ಕತ್ತರಿಸಿ ಗೆರೆಯನ್ನು ಬಿಟ್ಟುಬಿಡಬೇಕು. ಸಿಕ್ಕ ಬಳೆಯಂಥ ತುಂಡನ್ನು ಒಂದು ಕಡೆ ಸೀಳಿ ಬಿಡಿಸಿ, ಕೆಂಪಗೆ ಕಾಯಿಸಿ, ಪೂರ್ತಿ ತಣಿಸಿ, ಮರದ ದಿಮ್ಮಿಯ ಮೇಲೆ ಕೊಡತಿಯಲ್ಲಿ ಚಪ್ಪಟೆ ಮಾಡಬೇಕು. ಹಿತ್ತಾಳೆಯನ್ನು ಬಿಸಿಯಿರುವಾಗ ಬಡಿದರೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಕಾಯಿಸುವುದು ಮೆತ್ತಗಾಗಲಿಕ್ಕೆ, ಬಡಿಯುವುದು ತಣಿದ ಮೇಲೆ. ಬಡಿಯುತ್ತ ಬಡಿಯುತ್ತ ಮತ್ತೆ ಗಟ್ಟಿಯಾಗುತ್ತದೆ, ಸುತ್ತಿಗೆಯ ಸದ್ದು ಮಂದದಿಂದ ಚುರುಕಾಗುತ್ತದೆ. ಆ ಸದ್ದು ಕೇಳಿದ ಕೂಡಲೇ ನಿಲ್ಲಿಸಿ ಬೆಂಕಿಗೆ ಇಡಬೇಕು. ಇನ್ನೆರಡು ಪೆಟ್ಟು ಹಾಕಿ ಮುಗಿಸೋಣ ಎಂದವನ ತಗಡು ಸೀಳುತ್ತದೆ.

ಮೊದಲ ಪೆಟ್ಟು ನನಗೆ ಬಿದ್ದದ್ದು ಅಡುಗೆಯ ಪಾತ್ರೆಯಿಂದ. ಅದರ ಒಳಗೆ ಕಲಾಯಿ ಇತ್ತು. ಕಲಾಯಿಯ ತವರವನ್ನು ಚೂರೂ ಬಿಡದೆ ಹೆರೆದು ತೆಗೆಯಬೇಕು. ಬಿಟ್ಟರೆ ಬೆಂಕಿಯಲ್ಲಿ ಅದು ಹಿತ್ತಾಳೆಯನ್ನು ತಿನ್ನುತ್ತದೆ. ಹೆರೆದಿದ್ದೆ, ಬಿಸಿಲಿಗೆ ಹಿಡಿದು ನೋಡಿಯೂ ಇದ್ದೆ. ಆದರೆ ಮಳೆಗಾಲದ ಬಿಸಿಲು ಎಷ್ಟು? ಬೆಂಕಿಯಿಂದ ತೆಗೆದಾಗ ತಗಡಿನ ನಡುವೆ ಸಿಡುಬಿನ ಕಲೆಗಳ ಹಾಗೆ ತೂತುಗಳು. ಬೆನ್ನಿಗೆಂದು ಇಟ್ಟಿದ್ದ ದೊಡ್ಡ ತುಂಡು ಅದು. ಎರಡನೆಯ ಪಾತ್ರೆಯನ್ನು ನಾನು ಬೆಂಕಿಗೆ ಇಡಲೇ ಇಲ್ಲ, ತಣ್ಣಗೇ ಬಡಿದು ಪೀಠಕ್ಕೆ ಸುತ್ತಿದೆ. ಬೆನ್ನಿಗೆ ಕೊಡದ ತಗಡೇ ಹೋಯಿತು. ಅಲ್ಲಿಗೆ ಉಳಿದ ಹಿತ್ತಾಳೆ ಸೀರೆಗೂ ಮುಖಕ್ಕೂ ಸರಿಯಾಗಿ ಸಾಕು. ಇನ್ನೊಂದು ತುಂಡು ಹಾಳಾದರೆ ತರುವುದು ಎಲ್ಲಿಂದ?

ಸೀರೆಗೆ ಕೈ ಹಾಕಿದೆ. ರಾಳ, ಇಟ್ಟಿಗೆ ಹುಡಿ, ತೆಂಗಿನೆಣ್ಣೆ ಕಾಯಿಸಿ ಬೆರೆಸಿದರೆ ಅರಗು ಆಗುತ್ತದೆ. ಅದನ್ನು ಮರಿಗೆಯಲ್ಲಿ ತುಂಬಿ, ಮೇಲೆ ತಗಡನ್ನು ಮಗುಚಿ ಅಂಟಿಸಬೇಕು. ಅರಗು ತಗಡನ್ನು ಹಿಡಿದುಕೊಳ್ಳುತ್ತದೆ, ಪೆಟ್ಟಿಗೆ ಬೇಕಾದಷ್ಟೇ ಬಗ್ಗುತ್ತದೆ. ಹಿಂಬದಿಯಿಂದ ಮೊಂಡ ಚಾಣ ಇಟ್ಟು ಬಡಿದರೆ ಮುಂಬದಿಗೆ ಉಬ್ಬು. ತೆಗೆದು, ಕಾಯಿಸಿ, ತಿರುಗಿಸಿ ಅಂಟಿಸಿ, ಮುಂಬದಿಯಿಂದ ತಗ್ಗು. ಹೀಗೆ ಎಷ್ಟೋ ಸಲ. ನಾನು ಎಬ್ಬಿಸಿದ್ದು ಸೊಂಟದಿಂದ ಪಾದದ ತನಕ ಇಳಿಯುವ ನಿರಿಗೆಗಳು, ಒಂದರ ಮೇಲೊಂದು ಬೀಳುವ ಹಾಗೆ, ತುದಿಯಲ್ಲಿ ಬೀಸಣಿಗೆಯ ಹಾಗೆ ಅರಳುವಂಥವು. ಹಟ್ಟಿಯಂಗಡಿ ಕಡೆಯ ಒಂದು ದೊಡ್ಡ ಮನೆಯವರಿಗೆ ದೇವಿಯ ಕವಚ ಮಾಡುವಾಗ ಕೈಗೆ ಹತ್ತಿದ ವಿದ್ಯೆ ಅದು. ನೋಡಿದವರು ಬಟ್ಟೆಯೋ ಲೋಹವೋ ಎಂದು ಮುಟ್ಟಿ ನೋಡುತ್ತಿದ್ದರು. ಮರದ ಮೈಗೆ ತೊಡಿಸಿ, ಹಿಂದೆ ಮೊಳೆ ಹೊಡೆದು, ಹೆಂಡತಿಯನ್ನು ಕರೆದು ತೋರಿಸಿದೆ. ಹೆಂಗಸರಿಗೂ ಹೇಳಿ ಕಳಿಸಿದೆ.

ಬಂದರು. ಒಬ್ಬಳು, "ಹೋ, ಚಂದ ಇತ್ ಮಾರಾಯ್ರೆ," ಎಂದಳು. ದೊಡ್ಡಕ್ಕ ಮೂರ್ತಿಯ ಸುತ್ತ ಒಂದು ಸುತ್ತು ಬಂದಳು.

"ಯಾರಿವ್ಳ್?"

"ಯಾರಂದ್ರೆ ಎಂತ? ಅಮ್ಮ."

"ಅಮ್ಮ ಅಲ್ಲ. ಯಾರೋ ಪಟೇಲ್ರ ಮನಿ ಹೆಂಡ್ತಿ ಇದ್. ಕಾಲ್ ಎಲ್ಲಿತ್ ಇವ್ಳಿಗೆ?"

"ಸೀರಿ ಒಳ್ಗ್ ಇತ್."

"ಕಾಲ್ ಸೀರಿ ಒಳ್ಗಿದ್ರೆ ನೀರಿಗಿಳುದ್ ಹ್ಯಾಂಗೆ? ಈ ನಿರ್ಗಿ ಎತ್ತಿ ಹಿಡ್ಕಂಡ್ ದೋಣಿ ದೂಡುಕಾತ್ತಾ?"

ಹಿಂದಿನಿಂದ ಯಾರೋ, "ಕಡ್ಲಿಗಲ್ಲ ದೊಡ್ಡಕ್ಕ, ಮದ್ವಿಗ್ ಹೊರ್ಟದ್ದ್," ಎಂದರು. ಎಲ್ಲರೂ ನಕ್ಕರು. ಚಂದ ಇದೆ ಎಂದವಳೂ ನಕ್ಕಳು.

ನನ್ನ ಕಿವಿ ಬಿಸಿಯಾಯಿತು. "ಮೂರ್ತಿ ಮಾಡುದ್ ನಾನೋ, ನೀವೋ?"

"ಮಾಡುದ್ ನೀವೆ," ಎಂದಳು ದೊಡ್ಡಕ್ಕ. "ಕೈ ಮುಗುದ್ ನಾವ್." ಅಷ್ಟು ಹೇಳಿ ಹೊರಟೇ ಹೋದಳು. ಉಳಿದವರೂ ಹಿಂದೆ ಹೋದರು.

ಸಂಜೆ ಗುರಿಕಾರರು ಬಂದು ಸಮಾಧಾನ ಮಾಡಿದರು. "ಹೆಂಗ್ಸ್ರ್ ಮಾತ್ ಕೇಂಡ್ಕಂಡ್ ಕೂತ್ರೆ ದೋಣಿ ಇಳುದ್ ಮುಂದಿನ್ ವರ್ಷವೇ. ನಂಗ್ ಅಡ್ಡಿಲ್ಲ. ಹೀಂಗೇ ಇರ್ಲಿ. ಮುಖ ಒಂದ್ ಮುಗ್ಸಿ ಕೊಡಿ."

ಒಪ್ಪಿಕೊಂಡಿದ್ದರೆ ಕೆಲಸ ಮುಗಿಯುತ್ತಿತ್ತು. ಗುರಿಕಾರರ ಮಾತಿನ ಮೇಲೆ ಯಾರೂ ಎದುರಾಡುತ್ತಿರಲಿಲ್ಲ. ಆದರೆ ನನಗೆ ಆ ನಗು ತಡೆಯಲಿಲ್ಲ. ಬೇರೆ ಯಾರನ್ನಾದರೂ ಕರೆಸಿ ಎಂದು ಹೇಳಿ ಚಾಣಗಳನ್ನು ಬಟ್ಟೆಯಲ್ಲಿ ಸುತ್ತತೊಡಗಿದೆ. ಹೆಂಡತಿ ತಿದಿಯ ಪಕ್ಕದಲ್ಲಿ ಕೂತು ನೋಡುತ್ತಿದ್ದಳು.

"ಹ್ವಾಯ್, ಕಟ್ಟುದಾ ಬಿಚ್ಚುದಾ?"

"ಕಟ್ಟುದ್. ನಾಳಿ ಹ್ವಾಪ."

"ಹ್ವಾಪ. ಹೊಳಿ ದಾಂಟುವತಿಗ್ ಯಾರಾರೂ ಕೇಂತ್ರ್, ಆಚಾರ್ರ್ ಎಂತ ಮಾಡಿ ಬಂದ್ರಿ ಅಂದ್. ಒಂಬತ್ ಮನಿ ಕೊಡ ಒಡ್ದ್ ಬಂದೆ ಅಂದ್ ಹೇಳ್ತ್ರಿ ಅಲ್ದಾ?"

ಇನ್ನೊಂದು ಚಾಣವನ್ನು ಬಟ್ಟೆಗೆ ಸುತ್ತಿದೆ. ಆಮೇಲೆ ಕೇಳಿದೆ, "ನಿಂಗ್ ಹ್ಯಾಂಗ್ ಕಾಂತ್ ಆ ಸೀರಿ?"

"ನಿರ್ಗಿ ಲಾಯ್ಕಿತ್. ಅಷ್ಟ್ ಲಾಯ್ಕಿನ್ ನಿರ್ಗಿ ನಂಗ್ ಇದ್ರೆ ನಾನ್ ನಿಮ್ ತಿದಿ ಒತ್ತುದಿಲ್ಲ."

ಆಗ ಅವಳ ಕಡೆ ತಿರುಗಿ ನೋಡಿದೆ. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿ ಕೂತಿದ್ದಳು. ಬೆಂಕಿಯ ಎದುರು ಕೂತಾಗಲೆಲ್ಲ ಅವಳು ಕೂರುವ ಕ್ರಮವೇ ಅದು. ಮದುವೆಯಾದ ಮೇಲೆ ನಾನು ದಿನಾ ನೋಡುತ್ತಿದ್ದ ಸೀರೆ. ಚಾಣದ ಗಂಟನ್ನು ಹಾಗೇ ಬದಿಗಿಟ್ಟೆ, ಬಿಚ್ಚಲೂ ಇಲ್ಲ, ಕಟ್ಟಿ ಮುಗಿಸಲೂ ಇಲ್ಲ.

ಬೆಳಿಗ್ಗೆ ಮಳೆ ಹೊಯ್ಯುತ್ತಿತ್ತು. ಹೆಂಗಸರು ಒಣಮೀನಿನ ಬುಟ್ಟಿ ಹೊತ್ತು ಹೊರಟಿದ್ದರು. ಚಪ್ಪರದ ಕಂಬಕ್ಕೆ ಒರಗಿ ನಾನು ಅವರ ಮುಖ ನೋಡಲಿಲ್ಲ, ಬಟ್ಟೆ ಮಾತ್ರ ನೋಡಿದೆ. ಇಷ್ಟು ವರ್ಷ ನಾನು ಮಾಡಿದ್ದೆಲ್ಲ ಒಣಗಿದ, ಮಡಿಸಿಟ್ಟ, ನಿಂತವಳ ಸೀರೆ. ಇದು ನೆನೆದ, ನಡೆಯುವವಳ ಸೀರೆ. ನೆನೆದ ಬಟ್ಟೆಗೆ ನಿರಿಗೆ ಇಲ್ಲ. ಅದು ಮೈಗೆ ಅಂಟುತ್ತದೆ. ಎಲ್ಲಿ ಗಂಟು ಹಾಕಿದೆಯೋ ಅಲ್ಲಿಂದ, ಎಲ್ಲಿ ಮೊಣಕಾಲು ಮುಂದೆ ಬಂದಿದೆಯೋ ಅಲ್ಲಿಗೆ ನಾಲ್ಕಾರು ಗೆರೆ ಬಿಗಿದು ನಿಲ್ಲುತ್ತವೆ, ಹಗ್ಗ ಎಳೆದ ಹಾಗೆ. ಉಳಿದ ಕಡೆ ನುಣ್ಣಗೆ. ಕೆಳಗಿನ ಅಂಚು ನೀರು ಕುಡಿದು ಭಾರವಾಗಿ ಒಳಕ್ಕೆ ಸುರುಳಿ ಹೊಡೆಯುತ್ತದೆ. ಬಟ್ಟೆ ಮಾಡುವವನು ಮೊದಲು ಹುಡುಕಬೇಕಾದ್ದು ಬಟ್ಟೆ ಎಲ್ಲಿಂದ ತೂಗುತ್ತಿದೆ ಎಂಬುದನ್ನು. ನಾನು ಅದನ್ನು ಬಿಟ್ಟು ನಿರಿಗೆ ಮಡಚುತ್ತ ಕೂತಿದ್ದೆ.

ಗುರಿಕಾರರ ಮನೆಗೆ ಹೋಗಿ ಹೇಳಿದೆ: "ಸೀರಿ ಕೊಯ್ತೆ."

"ಹುಚ್ಚಾ ನಿಮ್ಗೆ? ಹುಣ್ಮಿ ಹತ್ರ ಬಂತ್. ಕೊಯ್ವತಿಗ್ ಒಡ್ದ್ರೆ?"

"ಒಡ್ದ್ರೆ ನನ್ ಮನಿ ಪಾತ್ರಿ ಇತ್. ಎಲ್ಲಾ ತಕಂಡ್ ಬತ್ತೆ. ಆ ನಗಿ ಹೊತ್ಕಂಡ್ ನಾನ್ ಹೊಳಿ ದಾಂಟುದಿಲ್ಲ."

ಅವರು ತುಂಬಾ ಹೊತ್ತು ಕಡಲ ಕಡೆ ನೋಡಿದರು. "ನಂಗ್ ಗೊತ್ತಿಲ್ಲ. ದೋಣಿ ನಿಂತ್ರೆ ನಿಮ್ ಹೆಸ್ರ್ ಹೇಳ್ತೆ," ಎಂದರು.

ಮಧ್ಯಾಹ್ನ ದೊಡ್ಡಕ್ಕ ಖಾಲಿ ಬುಟ್ಟಿಯೊಂದಿಗೆ ಹಿಂತಿರುಗುವಾಗ ಕರೆದೆ. ಒಂದು ಗಳಿಗೆ ಇಲ್ಲಿ ನಿಲ್ಲಬೇಕು, ಸೀರೆ ನೋಡಬೇಕು ಎಂದೆ.

"ನಾನ್ ಎಂತ ನಾಟ್ಕದವ್ಳಾ, ನಿಂತ್ಕಂಬುಕೆ?"

"ಹ್ಯಾಂಗ್ ನಡಿತ್ರಿಯೋ ಹಾಂಗೇ ನಿಂತ್ಕಣಿ. ಒಂದ್ ಕಾಲ್ ಮುಂದ್."

ನನ್ನ ಹೆಂಡತಿ ಹೋಗಿ ಅವಳ ಪಕ್ಕ ನಿಂತ ಮೇಲೆ ದೊಡ್ಡಕ್ಕ ಒಪ್ಪಿದಳು. ನಾನು ದೂರದಿಂದ ತೆಂಗಿನ ಕಡ್ಡಿ ಹಿಡಿದು ಅಳತೆ ತೆಗೆದೆ. ಮೊಣಕಾಲಿನಿಂದ ಅಂಚಿಗೆ ಎಷ್ಟು, ಗಂಟು ಎಡಸೊಂಟದ ಎಲ್ಲಿ, ಸೆರಗು ಬೆನ್ನಿನ ಮೇಲೆ ಯಾವ ಓರೆಯಲ್ಲಿ ಹೋಗುತ್ತದೆ. ದೊಡ್ಡಕ್ಕ ನಿಂತಷ್ಟು ಹೊತ್ತೂ ಬೈಯುತ್ತಲೇ ಇದ್ದಳು. ಬೈಯುವಾಗಲೂ ಅವಳ ಕಣ್ಣು ನನ್ನ ಮೇಲಿರಲಿಲ್ಲ, ಅಳಿವೆಯ ಕಡೆಗಿತ್ತು. ಮಳೆಗಾಲದಲ್ಲಿ ಅಲ್ಲಿ ದೋಣಿ ಎಲ್ಲಿಯದು? ಆದರೂ ನೋಡುತ್ತಿದ್ದಳು. ಅದು ಅವಳಿಗೇ ತಿಳಿಯುತ್ತಿರಲಿಲ್ಲ ಎಂದು ಕಾಣುತ್ತದೆ.

ಆಮೇಲಿನ ಕೆಲಸ ಕಷ್ಟದ್ದು. ಆಗಲೇ ಎಷ್ಟೋ ಸಲ ಬೆಂಕಿ ಕಂಡು, ಎಳೆದು ತೆಳುವಾದ ತಗಡು. ಮೊಳೆ ಕಿತ್ತು ಸೀರೆಯನ್ನು ಬಿಚ್ಚಿದೆ. ಮೊಣಕಾಲಿನ ಕೆಳಗೆ ನಾಲ್ಕು ಬೆರಳು ಬಿಟ್ಟು ಗೆರೆ ಎಳೆದು ಕತ್ತರಿಸಿದೆ. ಅರಳಿದ ನಿರಿಗೆಯ ತುದಿ ಪೂರ್ತಿ ಕೈಗೆ ಬಂತು. ಮೇಲಿನ ಭಾಗದ ನಿರಿಗೆಗಳನ್ನು ಒಂದೊಂದಾಗಿ ಇಳಿಸಬೇಕಿತ್ತು. ಎಬ್ಬಿಸಿದ್ದನ್ನು ಇಳಿಸುವುದು ಎಬ್ಬಿಸುವುದಕ್ಕಿಂತ ನಿಧಾನ. ನಿರಿಗೆಯ ಮಡಿಕೆಯಲ್ಲೇ ತಗಡು ಸೋತಿರುತ್ತದೆ. ಹಿಂದಿನಿಂದ ಎಬ್ಬಿಸುವ ಗೊಡವೆಗೇ ಹೋಗಲಿಲ್ಲ. ಅರಗಿನ ಮೇಲೆ ಮುಖ ಮೇಲಾಗಿ ಇಟ್ಟು, ಮುಂಬದಿಯಿಂದಲೇ ಸಣ್ಣ ಚಾಣದಲ್ಲಿ ಗಂಟಿನಿಂದ ಮೊಣಕಾಲಿಗೆ ಗೆರೆಗಳನ್ನು ಒತ್ತಿದೆ. ನೆನೆದ ಬಟ್ಟೆಗೆ ಅಷ್ಟೇ ಸಾಕು. ಆಳ ಬೇಡ. ತೆಳು ತಗಡಿಗೂ ಅದೇ ಬೇಕಿತ್ತು.

ಆದರೂ ಒಂದು ಕಡೆ ಒಡೆಯಿತು. ಅಂಚಿನಿಂದ ಮೇಲಕ್ಕೆ, ಕೂದಲೆಳೆಯಷ್ಟು ಬಿರುಕು. ಪೆಟ್ಟು ಬಿದ್ದಂತೆ ಅದು ಮುಂದೆ ಓಡುತ್ತಿತ್ತು. ಹೆಂಡತಿ ತಿದಿ ಬಿಟ್ಟು ಎದ್ದು ಬಂದಳು. ಬಿರುಕಿನ ತುದಿ ಎಲ್ಲಿದೆ ಎಂದು ಉಗುರಿನಿಂದ ಹುಡುಕಿ, ಅಲ್ಲಿ ಸೂಜಿಯಷ್ಟು ಸಣ್ಣ ತೂತು ಕೊರೆದೆ. ಬಿರುಕು ತೂತಿಗೆ ಬಂದು ನಿಂತಿತು, ಮುಂದೆ ಹೋಗಲು ಅದಕ್ಕೆ ಮೊನೆ ಸಿಗಲಿಲ್ಲ. ಆಮೇಲೆ ಅಂಚಿಗೆ ಉದ್ದಕ್ಕೂ ಒಂದು ತಂತಿ ಇಟ್ಟು, ತಗಡನ್ನು ಅದರ ಮೇಲೆ ಒಳಕ್ಕೆ ಮಡಚಿ ಬಡಿದೆ. ಬಿರುಕಿನ ಬಾಯಿ ಅದರೊಳಗೆ ಸಿಕ್ಕಿಬಿತ್ತು. ಅಂಚು ದಪ್ಪವಾಯಿತು, ಭಾರವಾಯಿತು, ನೀರು ಕುಡಿದ ಬಟ್ಟೆಯ ಅಂಚು ಹೇಗೆ ತೂಗುತ್ತದೋ ಹಾಗೆ ತೂಗಿತು.

ಇನ್ನು ಕಾಲು. ಕಂಬದಂಥ ಮರದ ಕೆಳಭಾಗವನ್ನು ಉಳಿಯಿಂದ ಕೆತ್ತಿ ಎರಡು ಮೀನಖಂಡ ಬಿಡಿಸಿದೆ, ಒಂದು ಮುಂದೆ, ಒಂದು ಹಿಂದೆ. ಅದಕ್ಕೆ ಹೊದಿಸಲು ತಗಡು? ಕತ್ತರಿಸಿದ ನಿರಿಗೆಯ ತುದಿಗಳೇ. ಅರಳಿದ್ದನ್ನೆಲ್ಲ ಕಾಯಿಸಿ, ತಣಿಸಿ, ಬಡಿದು, ಮತ್ತೆ ಕಾಯಿಸಿ ಚಪ್ಪಟೆ ಮಾಡಿದೆ. ಮಡಿಕೆಗಳ ಗೆರೆ ಪೂರ್ತಿ ಹೋಗಲಿಲ್ಲ. ಇನ್ನಷ್ಟು ಬಡಿದೆ. ಒಂದು ಕಡೆ ಎತ್ತಿ ಹಿಡಿದಾಗ ಸೂಜಿಮೊನೆಯಷ್ಟು ಬೆಳಕು ಈಚೆ ಕಂಡಿತು. ಸುತ್ತಿಗೆ ಕೆಳಗಿಟ್ಟೆ. ಇನ್ನೊಂದು ಪೆಟ್ಟಿಗೆ ಕಾಲೇ ಇರುತ್ತಿರಲಿಲ್ಲ. ಗೆರೆ ಇದ್ದಂತೆಯೇ ಮೀನಖಂಡಕ್ಕೆ ಸುತ್ತಿ, ಹಿಂದೆ ಮೊಳೆ ಹೊಡೆದೆ. ನೋಡಿದರೆ ಮೊಣಕಾಲಿನಿಂದ ಹಿಮ್ಮಡಿಗೆ ನಾಲ್ಕೈದು ದಪ್ಪ ಗೆರೆಗಳು, ಬಳ್ಳಿಯ ಹಾಗೆ ಸುತ್ತಿಕೊಂಡು ಇಳಿದಿದ್ದವು. ಕೆಲಸ ಬಲ್ಲವನ ಕಣ್ಣಿಗೆ ಅದು ಊನವೇ. ನನಗೆ ನಿದ್ದೆ ಸರಿ ಬರಲಿಲ್ಲ.

ಮುಖವನ್ನು ಕೊನೆಗೆ ತೆಗೆದುಕೊಂಡೆ. ದೇವಿಯ ಮುಖ ಎಂದರೆ ಕೈಗೆ ರೂಢಿಯಾದದ್ದು ಇದೆ: ಮೇಲ್ರೆಪ್ಪೆ ಅರ್ಧ ಇಳಿದು, ತುಟಿಯಲ್ಲಿ ಸಣ್ಣ ನಗು. ಈ ಸಲ ಮೇಲ್ರೆಪ್ಪೆಯನ್ನು ಮುಟ್ಟಲಿಲ್ಲ. ಕೆಳರೆಪ್ಪೆಯನ್ನು ಹಿಂದಿನಿಂದ ಸ್ವಲ್ಪ ಎಬ್ಬಿಸಿದೆ. ಬಿಸಿಲಿಗೆ ದೂರ ನೋಡುವಾಗ ಏಳುವುದು ಅದೇ, ನಗುವಾಗ ಏಳುವುದೂ ಅದೇ, ಅಳು ನುಂಗುವಾಗಲೂ ಅದೇ. ಹುಬ್ಬಿನ ನಡುವೆ ಚಾಣದಿಂದ ಎರಡು ಗೀರು. ಬಾಯಿ ಮುಚ್ಚಿಯೇ ಇದೆ, ಆದರೆ ಈಗ ಬೈಯುತ್ತಾಳೆ ಎನ್ನುವ ಹಾಗೆ. ಮಡಚಿದ ಕೈಯ ಅಂಗೈಯನ್ನು ಅಭಯಕ್ಕೆ ತೆರೆಯಲಿಲ್ಲ, ಹುಬ್ಬಿನ ಹತ್ತಿರ ನೆರಳು ಹಿಡಿದ ಹಾಗೆ ತಿರುಗಿಸಿದೆ.

ಹುಣ್ಣಿಮೆಗೆ ಮುಂಚೆ ಹುಳಿ ಬಿಂಬುಳಿ ಹಣ್ಣು ಹಿಂಡಿ ಉಜ್ಜಿ ತೊಳೆದು, ಮೂರ್ತಿಯನ್ನು ಚಪ್ಪರದ ಹೊರಗೆ ತಂದು ನಿಲ್ಲಿಸಿದೆವು. ಮಳೆ ಬಿಟ್ಟಿತ್ತು. ಕರೆಯ ಜನ ಎಲ್ಲ ಸೇರಿದ್ದರು. ಗುರಿಕಾರರು ಮೇಲಿನಿಂದ ಕೆಳಗೆ ನೋಡುತ್ತ ಬಂದು ಕಾಲಿನ ಹತ್ತಿರ ನಿಂತರು.

"ಆಚಾರ್ರೇ, ಕಾಲಂಗೆ ಎಂತ ಇದ್ ಗೆರಿ? ಹೊಡ್ದ್ ಹೋಯ್ಲಿಲ್ಯಾ? ಅಮ್ಮಂಗ್ ಊನ ಇಪ್ಪುಕಾಗ."

ನನಗೆ ಆ ಪ್ರಶ್ನೆಯದ್ದೇ ಹೆದರಿಕೆ ಇದ್ದದ್ದು. ಬಾಯಿ ತೆರೆಯುವ ಮೊದಲೇ ದೊಡ್ಡಕ್ಕ ಮುಂದೆ ಬಂದಳು. ಬಗ್ಗಿ ಮೂರ್ತಿಯ ಕಾಲು ನೋಡಿದಳು. ಆಮೇಲೆ ತನ್ನ ಕಾಲನ್ನು ಅದರ ಪಕ್ಕಕ್ಕೆ ಇಟ್ಟಳು. ಉಪ್ಪುಂದದಿಂದ ಒಳನಾಡಿಗೆ ಬುಟ್ಟಿ ಹೊತ್ತು ನಡೆದ ಕಾಲು. ಮೊಣಕಾಲಿನಿಂದ ಹಿಮ್ಮಡಿಯ ತನಕ ಉಬ್ಬಿದ ನರಗಳು, ಬಳ್ಳಿಯ ಹಾಗೆ ಸುತ್ತಿಕೊಂಡು ಇಳಿದಿದ್ದವು.

"ಊನ ಅಲ್ಲ ಗುರಿಕಾರ್ರೇ. ತಲಿ ಮೇಲ್ ಬುಟ್ಟಿ ಹೊತ್ಕಂಡ್ ನಡ್ದ್ ಕಾಣಿ, ನಿಮ್ಗೂ ಬತ್ತ್."

ಹೆಂಗಸರು ನಕ್ಕರು. ಈ ಸಲ ನನ್ನನ್ನು ನೋಡಿ ಅಲ್ಲ. ಗುರಿಕಾರರೂ ನಗು ತಡೆಯಲಾರದೆ ತಲೆಯ ಮುಂಡಾಸು ಸರಿಮಾಡಿಕೊಂಡರು. ಒಬ್ಬೊಬ್ಬಳೇ ಬಂದು ಮೂರ್ತಿಯ ಮುಂದೆ ನಿಂತು ಕೈ ಮುಗಿದಳು. ಅಂದು ಸೆರಗಿನಿಂದ ಕೊಡದ ಕಂಠ ಒರೆಸಿ ಕೊಟ್ಟವಳು ಸೀರೆಯ ಅಂಚನ್ನು ಬೆರಳಿನಿಂದ ಮುಟ್ಟಿ, "ನೆನ್ದಿತ್," ಎಂದಳು. ಅದಕ್ಕಿಂತ ಹೆಚ್ಚಿನ ಹೊಗಳಿಕೆ ನನಗೆ ಯಾವ ದೊಡ್ಡ ಮನೆಯಲ್ಲೂ ಸಿಕ್ಕಿಲ್ಲ.

ನಾನು ದೊಡ್ಡಕ್ಕನಿಗೆ ಅಲ್ಲಿಯೇ ಹೇಳಿದೆ. "ಆ ಗೆರಿ ನಾನ್ ಮಾಡಿದ್ದಲ್ಲ ದೊಡ್ಡಕ್ಕ. ಹಿತ್ತಾಳಿ ಬಿಡ್ಲಿಲ್ಲ. ಇನ್ನ್ ಹೊಡ್ದಿದ್ರೆ ಹರಿತಿತ್ತ್."

"ನಿಲ್ಸಿದ್ ನೀವೇ ಅಲ್ದಾ?"

"ಹೌದ್."

"ಮತ್ತೆಂತ?"

ಹುಣ್ಣಿಮೆಯ ದಿನ ಅಮ್ಮ ಗುಡಿಯಲ್ಲಿ ಕಡಲಿಗೆ ಮುಖ ಮಾಡಿ ನಿಂತಳು. ಹಾಲೆರೆದರು, ಕಾಯಿ ಬಿಟ್ಟರು. ಹುಬ್ಬಿನ ಹತ್ತಿರ ಕೈ ಹಿಡಿದು ನೋಡುತ್ತಿದ್ದವಳ ಎದುರಿನಿಂದ ದೋಣಿಗಳು ಒಂದರ ಹಿಂದೆ ಒಂದು ಇಳಿದವು. ನಾನು ಅಷ್ಟರಲ್ಲಿ ಕುಲುಮೆ ಕಿತ್ತು, ಉಳಿದ ಹಿತ್ತಾಳೆಯನ್ನೆಲ್ಲ ಒಂದು ಹಲಗೆಯ ಮೇಲೆ ಜೋಡಿಸಿ ಇಟ್ಟಿದ್ದೆ. ಬೆಸುಗೆಯ ಪಟ್ಟಿಗಳು, ತೂತುಬಿದ್ದ ತುಂಡು, ಕತ್ತರಿಸಿದ ಚೂರು, ಹೆರೆದ ಹುಡಿ ಕೂಡ. ಅವುಗಳ ನಡುವೆ ಕಾಲಿಗೆ ಬೇಡವಾಗಿ ಉಳಿದ ಒಂದು ನಿರಿಗೆಯ ತುದಿ ಇತ್ತು, ಬೀಸಣಿಗೆಯ ಹಾಗೆ ಅರಳಿದ್ದು, ಬಡಿಯದೆ ಬಿಟ್ಟದ್ದು. ದೊಡ್ಡಕ್ಕ ಬಂದು ಎಲ್ಲವನ್ನೂ ನೋಡಿದಳು. ಆ ನಿರಿಗೆಯನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದ್ ಮಾತ್ರ ನಮ್ಗ್ ಆಪ್ದಲ್ಲ," ಎಂದು ನನ್ನ ಹೆಂಡತಿಯ ಕೈಯಲ್ಲಿಟ್ಟಳು. "ತಕಂಡ್ ಹೋಗ್ ಮಗಾ. ಹೊಳಿ ದಾಂಟ್ಲಿ."

ಯುದ್ಧ ಮುಗಿಯಿತು. ಈಗ ಪೇಟೆಯಲ್ಲಿ ತಗಡು ಸಿಗುತ್ತದೆ. ಆ ಕರೆಯ ಮನೆಗಳಿಗೆ ಹೊಸ ಕೊಡಗಳನ್ನು ನಾನೇ ಬಡಿದುಕೊಟ್ಟಿದ್ದೇನೆ. ದೊಡ್ಡಕ್ಕ ಮಾತ್ರ ತೆಗೆದುಕೊಳ್ಳಲಿಲ್ಲ, ಮಣ್ಣಿನದೇ ತಂಪು ಎಂದಳು. ಕೈಗಳು ಸರಿಯಾಗಿಯೇ ಇವೆ, ಬಲಗೈ ಹೆಬ್ಬೆರಳು ಚಳಿಗೆ ಸ್ವಲ್ಪ ಮರಗಟ್ಟುತ್ತದೆ, ಅಷ್ಟೇ.

ಈಗ ನನ್ನ ಬಳಿ ಇರುವುದು ಎರಡು ಅಡಿಗಲ್ಲು, ಒಂದು ತಿದಿ, ಮೂರು ಕೊಡತಿ, ಐದು ಸುತ್ತಿಗೆ, ಇಪ್ಪತ್ತಾರು ಚಾಣ, ಅರಗಿನ ಎರಡು ಮರಿಗೆ, ಒಂದು ನಿರಿಗೆ.